ಮಡಿಕೇರಿಯ ಮಳೆಗಾಲದಲ್ಲಿ ಮುಸ್ತಫಾ: ರೆಟ್ರೋಆರ್ಚ್ ನೆಟ್‌ಪ್ಲೇ ಬಳಸಿ ನೋಡಿದಾಗ

ಶಾಲೆ ಬಿಟ್ಟ ಮೇಲೆ ಮಡಿಕೇರಿಯ ವಿಡಿಯೋ ಗೇಮ್ ಅಂಗಡಿಯೊಂದರಲ್ಲಿ ಒಂದು ರೂಪಾಯಿಯ ನಾಣ್ಯ ಹಾಕಿ, ನಾವು ಮೂವರು ಗೆಳೆಯರು ಒದ್ದೆ ಕೊಡೆಗಳನ್ನು ಕಾಲ ಬಳಿ ಇಟ್ಟುಕೊಂಡು ಒಂದೇ ಯಂತ್ರದ ಮುಂದೆ ಒತ್ತೊತ್ತಾಗಿ ನಿಂತು ಆಡುತ್ತಿದ್ದ ಆಟಕ್ಕೆ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಎಂಬ ಹೆಸರಿದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅದರೊಳಗಿನ ಒಬ್ಬ ಹೀರೋನ ಹೆಸರಿನಿಂದ ನಮಗೆ ಅದು ಮುಸ್ತಫಾ ಗೇಮ್. ಈಗ ಒಬ್ಬ ಮೈಸೂರಿನಲ್ಲಿ, ಇನ್ನೊಬ್ಬ ವಿರಾಜಪೇಟೆಯಲ್ಲಿ, ನಾನು ಇಲ್ಲೇ ಇದ್ದೇನೆ. ಕಳೆದ ಮಳೆಗಾಲದಲ್ಲಿ ರೆಟ್ರೋಆರ್ಚ್ ಎಂಬ ಉಚಿತ ತಂತ್ರಾಂಶದ ನೆಟ್‌ಪ್ಲೇ, ಅಂದರೆ ದೂರದಲ್ಲಿದ್ದೂ ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ, ಸೌಲಭ್ಯದ ಮೂಲಕ ಮೂವರೂ ಅದನ್ನು ಮತ್ತೆ ಆಡಿದೆವು.

ಜಪಾನಿನ ಕ್ಯಾಪ್‌ಕಾಂ ಕಂಪನಿ 1993ರಲ್ಲಿ ಹೊರತಂದ ಈ ಆಟ ಅಂಗಡಿಯ ಯಂತ್ರ ಬಿಟ್ಟು ಮನೆಯ ಯಾವ ಕನ್ಸೋಲ್‌ಗೂ ಬರಲಿಲ್ಲ. ಅಮೆರಿಕದ ಕಾಮಿಕ್ಸ್ ಒಂದನ್ನು ಆಧರಿಸಿದ್ದರಿಂದ ಇದರ ಹಕ್ಕು ಕ್ಯಾಪ್‌ಕಾಂ ಒಂದರ ಕೈಯಲ್ಲಿಯೇ ಇಲ್ಲ. 2018ರಲ್ಲಿ ಆ ಕಂಪನಿ ಹೊಡೆದಾಡುತ್ತ ಮುಂದೆ ಸಾಗುವ ಇದೇ ಬಗೆಯ 7 ಹಳೆಯ ಆಟಗಳನ್ನು ಒಂದೇ ಕಟ್ಟಾಗಿ ಮಾರಿದಾಗಲೂ ಇದು ಅದರಲ್ಲಿ ಇರಲಿಲ್ಲ. ಅಂಗಡಿ ಯಂತ್ರದೊಳಗಿನ ಮೂಲ ಸರ್ಕ್ಯೂಟ್ ಬೋರ್ಡಿನಲ್ಲಿ ನಕಲು ತಡೆಯಲೆಂದು ಇಟ್ಟ ಸಣ್ಣ ಬ್ಯಾಟರಿ ಸತ್ತರೆ, ಅದು ಕಾಯುತ್ತಿದ್ದ ಗುಪ್ತಲಿಪಿ ಬಿಡಿಸುವ ಕೀಲಿಯೂ ಅಳಿಸಿಹೋಗಿ ಬೋರ್ಡ್ ಕೆಟ್ಟಂತೆಯೇ ಸರಿ. ಹೀಗಿರುವಾಗ ಈ ಆಟ ಉಳಿದಿರುವುದು 1997ರಲ್ಲಿ ಆರಂಭವಾದ ಮೇಮ್, ಅದರ ಜೊತೆಗೆ ಬೆಳೆದ ಎಫ್‌ಬಿನಿಯೋ ಮೊದಲಾದ ಎಮ್ಯುಲೇಟರ್‌ಗಳನ್ನು (ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶಗಳನ್ನು) ಸಂಬಳವಿಲ್ಲದೆ ಬರೆಯುತ್ತಿರುವ ಅಭಿಮಾನಿಗಳಿಂದ. ಅವರ ಋಣ ದೊಡ್ಡದು; ರೆಟ್ರೋಆರ್ಚ್ ಒಳಗೆ ಓಡುವುದೂ ಇಂಥ ಎಮ್ಯುಲೇಟರ್‌ಗಳೇ.

ಒಬ್ಬರೇ ಆಡಲು ಬೇಕಾದಷ್ಟು ಎಮ್ಯುಲೇಟರ್‌ಗಳಿವೆ. ಆದರೆ ಈ ಆಟದ ಜೀವ ಇರುವುದು ಮೂವರ ಹಂಚಿಕೆಯಲ್ಲಿ: ಪೀಪಾಯಿ ಒಡೆದಾಗ ಸಿಕ್ಕ ತಿನಿಸನ್ನು ‘ರಕ್ತ’ (ಆಟದಲ್ಲಿ ಉಳಿದ ಶಕ್ತಿ) ಕಡಿಮೆಯಾದವನಿಗೆ ಬಿಡುವುದು, ಹಂತದ ಕೊನೆಗೆ ಬರುವ ಮುಖ್ಯ ಶತ್ರು ಬಾಸ್‌ನನ್ನು ಒಬ್ಬ ಮೂಲೆಗೆ ಒತ್ತಿ ಹಿಡಿದರೆ ಇನ್ನಿಬ್ಬರು ಅವನ ಹಿಂಬಾಲಕರನ್ನು ತಡೆಯುವುದು. ನೆಟ್‌ಪ್ಲೇ ಅದನ್ನು ಹಾಗೆಯೇ ಉಳಿಸಿಕೊಟ್ಟಿದೆ. ಮೂವರ ಕಂಪ್ಯೂಟರಿನಲ್ಲಿಯೂ ಆಟ ಪ್ರತ್ಯೇಕವಾಗಿ ಓಡುತ್ತದೆ, ತಂತಿಯಲ್ಲಿ ಹೋಗುವುದು ಬಟನ್ ಒತ್ತಿದ ಸುದ್ದಿ ಮಾತ್ರ. ಸುದ್ದಿ ತಡವಾದರೆ ಯಂತ್ರ ಊಹಿಸಿ ಮುಂದುವರಿಯುತ್ತದೆ, ಊಹೆ ತಪ್ಪಿದ್ದರೆ ಕ್ಷಣದಷ್ಟು ಹಿಂದಕ್ಕೆ ಹೋಗಿ ಸರಿಪಡಿಸಿಕೊಂಡು ಬರುತ್ತದೆ. ಫೈಬರ್ ಸಂಪರ್ಕದಲ್ಲಿ ಮುಸ್ತಫಾನ ಓಡಿ ಒದೆಯುವ ಏಟು ಬೆರಳು ಹೇಳಿದಾಗಲೇ ಬಿತ್ತು. ಮೂರನೇ ಹಂತದಲ್ಲಿ ಕಾರು ಓಡಿಸುವಾಗ ವಿರಾಜಪೇಟೆಯವನು ಫೋನಿನಲ್ಲಿ, “ಎಡಕ್ಕೆ ತಗೊಳ್ಳೋ, ಎಡಕ್ಕೆ!” ಎಂದು ಕೂಗಿದ್ದು ಅಂಗಡಿಯಲ್ಲಿ ಕೂಗುತ್ತಿದ್ದಂತೆಯೇ ಇತ್ತು.

ಸ್ಥಾಪಿಸುವುದು ಮಾತ್ರ ಸುಲಭವಲ್ಲ. ಮೆನುಗಳು ಒಂದರೊಳಗೊಂದು ಹುದುಗಿವೆ, ಹೊಸಬರಿಗೆ ಒಂದು ಸಂಜೆ ಪೂರ್ತಿ ಬೇಕು. ಮೂವರಲ್ಲೂ ಒಂದೇ ಆವೃತ್ತಿಯ ತಂತ್ರಾಂಶ, ಒಂದೇ ಆವೃತ್ತಿಯ ಆಟದ ಫೈಲು ಇರಲೇಬೇಕು. ಮೈಸೂರಿನವನ ಫೈಲು ಬೇರೆ ದೇಶದ ಆವೃತ್ತಿಯದ್ದು ಎಂದು ಕಂಡುಹಿಡಿಯಲು ನಮಗೆ ಎರಡು ದಿನ ಹಿಡಿಯಿತು. ಮೊಬೈಲ್ ಡೇಟಾದಲ್ಲಿ ಆತಿಥೇಯನಾಗಲು, ಅಂದರೆ ಉಳಿದವರು ಬಂದು ಸೇರಿಕೊಳ್ಳುವ ಆಟವನ್ನು ನಡೆಸಲು, ಹೊರಟರೆ ಹೊರಗಿನವರು ನೇರವಾಗಿ ಒಳಬರಲು ಆಗುವುದಿಲ್ಲ, ನಡುವೆ ನಿಂತು ಸುದ್ದಿ ದಾಟಿಸುವ ರಿಲೇ ಸರ್ವರ್ ಬಳಸಬೇಕು, ಆಗ ಏಟು ಬೀಳುವುದು ತುಸು ತಡವಾಗುತ್ತದೆ. ಆಟದ ಫೈಲು ರೆಟ್ರೋಆರ್ಚ್ ಜೊತೆ ಬರುವುದಿಲ್ಲ; ಅದರ ಹಕ್ಕುಸ್ವಾಮ್ಯ ಇನ್ನೂ ಜೀವಂತವಾಗಿದೆ. ಮಾರಾಟಕ್ಕಿದ್ದರೆ ಮೂವರೂ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದೆವು.

ಕೊಡಗಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಆತಿಥೇಯರಾಗಬೇಡಿ. ಸೇರಿಕೊಂಡವರ ಕರೆಂಟು ಹೋದರೆ ಉಳಿದವರ ಆಟ ನಿಲ್ಲುವುದಿಲ್ಲ, ಕರೆಂಟು ಬಂದ ಮೇಲೆ ನಡೆಯುತ್ತಿರುವ ಆಟಕ್ಕೇ ಮತ್ತೆ ಸೇರಬಹುದು. ಆತಿಥೇಯನ ಕರೆಂಟು ಹೋದರೆ ಮೂವರ ಒಟ್ಟಿನ ಆಟ ಅಲ್ಲಿಗೇ ಮುಗಿಯುತ್ತದೆ. ಜುಲೈನಲ್ಲಿ ಕೊನೆಯ ಬಾಸ್ ಎದುರು ನಿಂತಾಗ ನಮ್ಮ ಬೀದಿಯಲ್ಲಿ ಮರ ಬಿದ್ದು ಹಾಗೆಯೇ ಆಯಿತು. ಅಂದಿನಿಂದ ಆತಿಥೇಯನ ಕೆಲಸ ಮೈಸೂರಿನವನದು.