ಬ್ರಾಗಾಕ್ಕೆ ಹೊರಡುವ ಮೊದಲು ಪೋರ್ಚುಗೀಸ್: ಆ್ಯಪ್, ಬ್ಯಾಚ್, ಟೀಚರ್

ಪೋರ್ಚುಗೀಸ್ ಕಲಿಯಲು ಫೋನಿನ ಆ್ಯಪ್, ಆನ್‌ಲೈನ್ ಗುಂಪಿನ ಬ್ಯಾಚ್, ವಿಡಿಯೋದಲ್ಲಿ ನನಗೊಬ್ಬಳಿಗೇ ಕಲಿಸುವ ಟೀಚರ್, ಮೂರನ್ನೂ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೀಚರ್‌ಗೆ. ಆ್ಯಪ್‌ಗೆ ಎರಡು ತಿಂಗಳು, ಬ್ಯಾಚ್‌ಗೆ 16,000 ರೂಪಾಯಿ ಸುರಿದ ಮೇಲೆ ಹೇಳುತ್ತಿರುವ ಮಾತಿದು.

ನಮ್ಮವರಿಗೆ ಬ್ರಾಗಾದಲ್ಲಿ ಕೆಲಸ ಸಿಕ್ಕಿದ್ದು ಮೇ ತಿಂಗಳಲ್ಲಿ, ಹೊರಡಬೇಕಾಗಿದ್ದು ಜನವರಿಯಲ್ಲಿ. ಬ್ರಾಗಾ ಇರುವುದು ಪೋರ್ಚುಗಲ್‌ನ ಉತ್ತರಕ್ಕೆ, ಪೋರ್ತೋದಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಅವರ ಆಫೀಸಿನಲ್ಲಿ ಇಂಗ್ಲಿಷ್ ಸಾಕು. ತರಕಾರಿ, ಔಷಧಿ ಅಂಗಡಿ, ಮನೆ ಓನರ್ ಎಲ್ಲ ನನ್ನ ಪಾಲು. ಹಾಗಾಗಿ ಭಾಷೆ ಬೇಕಾಗಿದ್ದು ನನಗೆ.

ಜೂನ್‌ನಲ್ಲಿ ಫೋನಿಗೆ ಒಂದು ಉಚಿತ ಆ್ಯಪ್ ಹಾಕಿಕೊಂಡೆ. ದಿನಾ ಬೆಳಗ್ಗೆ ಕಾಫಿ ಜೊತೆ ಹದಿನೈದು ನಿಮಿಷ. ಹುಡುಗಿ ಸೇಬು ತಿನ್ನುತ್ತಾಳೆ, ಬೆಕ್ಕು ಹಾಲು ಕುಡಿಯುತ್ತದೆ. ಎಲ್ಲ ಸರಿ ಉತ್ತರ, ಟಿಂಗ್ ಅಂತ ಸದ್ದು, ನನಗೂ ಖುಷಿ. ಆಗಸ್ಟ್‌ನಲ್ಲಿ, ನೋಡೋಣ ಅಂತ, ಬ್ರಾಗಾದವರೇ ಆದ ಒಬ್ಬ ಟೀಚರ್ ಜೊತೆ ವಿಡಿಯೋದಲ್ಲಿ ಒಂದು ಟ್ರಯಲ್ ಕ್ಲಾಸ್ ತೆಗೆದುಕೊಂಡೆ. ಅವರು ಒಂದು ನಿಮಿಷ ಮಾತಾಡಿದರು. ನನಗೆ ಒಂದೇ ಒಂದು ಪದ ಸಿಗಲಿಲ್ಲ. ನೆಟ್ ಕೈಕೊಟ್ಟಿದೆ ಅಂದುಕೊಂಡು ಕಾಲ್ ಕಟ್ ಮಾಡಿ ಮತ್ತೆ ಸೇರಿದೆ. ಮತ್ತೆ ಅದೇ. ನೆಟ್ ಚೆನ್ನಾಗಿಯೇ ಇತ್ತು.

ಆ್ಯಪ್ ಕಲಿಸುತ್ತಿದ್ದುದು ಬ್ರೆಜಿಲ್‌ನ ಪೋರ್ಚುಗೀಸ್. ಪಕ್ಕದಲ್ಲೇ ಬ್ರೆಜಿಲ್ ಬಾವುಟ ಇತ್ತು. ನೋಡಿದ್ದೆ, ತಲೆ ಕೆಡಿಸಿಕೊಂಡಿರಲಿಲ್ಲ. ಭಾಷೆ ಒಂದೇ ಅಲ್ವಾ ಅಂತ. ಪುಸ್ತಕದಲ್ಲಿ ಹೆಚ್ಚುಕಮ್ಮಿ ಒಂದೇ. ಕಿವಿಗೆ ಮಾತ್ರ ಅಲ್ಲ.

ಬ್ರೆಜಿಲ್‌ನವರ ಉಚ್ಚಾರ ನಮ್ಮ ಬಾಯಿಗೆ ಹೇಳಿ ಮಾಡಿಸಿದ್ದು. ನಾವು ಬಸ್ಸು, ಕಾರು, ಬ್ಯಾಂಕು ಅಂತ ಕೊನೆಗೊಂದು ಸ್ವರ ಸೇರಿಸಿಯೇ ಬಿಡುತ್ತೇವಲ್ಲ? ಅವರೂ ಹಾಗೇ. ಫೇಸ್‌ಬುಕ್ ಅವರ ಬಾಯಲ್ಲಿ 'ಫೇಸ್‌ಬುಕಿ'. ಪೋರ್ಚುಗಲ್‌ನವರು ಇದಕ್ಕೆ ತದ್ವಿರುದ್ಧ, ಇರುವ ಸ್ವರವನ್ನೂ ನುಂಗುತ್ತಾರೆ. ಹಾಲಿಗೆ ಆ್ಯಪ್ 'ಲೇಯ್ಚಿ' ಅಂದರೆ ಟೀಚರ್ 'ಲಾಯ್ತ್'. ಫೋನು ಅಲ್ಲಿ 'ತೆಲೆಫೋನಿ', ಇಲ್ಲಿ 'ತ್ಲಫೋನ್'. ಕ್ಷಮಿಸಿ ಅನ್ನುವುದಕ್ಕೆ 'ದ್‌ಶ್ಕುಲ್ಪ್'. ಇದರಲ್ಲಿ ಉಸಿರಾಡಲು ಜಾಗ ಎಲ್ಲಿದೆ ಹೇಳಿ! ಮೂರು ವಾರ ನನಗೆ ಬರೀ ಶ್, ಶ್ ಅಂತ ಕೇಳಿಸುತ್ತಿತ್ತು, ಯಾರೋ ಸುಮ್ನಿರು ಅಂತ ಗದರಿದ ಹಾಗೆ.

ಪದಗಳೂ ಬೇರೆ. ಬಸ್ಸಿಗೆ ಆ್ಯಪ್ 'ಓನಿಬುಸ್' ಕಲಿಸಿತ್ತು, ಪೋರ್ಚುಗಲ್‌ನಲ್ಲಿ 'ಔತೊಕಾರು'. ರೈಲು 'ತ್ರೇಂ' ಅಲ್ಲ, 'ಕೊಂಬೋಯು'. ಟಾಯ್ಲೆಟ್ ಎಲ್ಲಿ ಅಂತ ಕೇಳಲು 'ಬನ್ಯೇರು' ಅಂದೆ. ಟೀಚರ್ ಮುಸಿಮುಸಿ ನಕ್ಕರು. ಪೋರ್ಚುಗಲ್‌ನಲ್ಲಿ ಅದು ಬೀಚಿನಲ್ಲಿ ಮುಳುಗುವವರನ್ನು ಕಾಪಾಡುವವನ ಹೆಸರಂತೆ. ಫೋನೆತ್ತಿದರೆ ಆ್ಯಪ್‌ನ 'ಅಲೋ' ಅಲ್ಲ, 'ಶ್ತೋ?' ಅನ್ನುತ್ತಾರೆ. ಪದಶಃ ಅರ್ಥ 'ಇದ್ದೇನಾ?'.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬ್ರೆಜಿಲ್ ಶೈಲಿಯಲ್ಲಿ ಮಾತಾಡಿದರೆ ಪೋರ್ಚುಗಲ್‌ನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲಿ ಬಂದು ನೆಲೆಸಿರುವ ಹೊರದೇಶದವರಲ್ಲಿ ಬ್ರೆಜಿಲ್‌ನವರೇ ಅತಿ ಹೆಚ್ಚು. ನಾವು ಹೇಳಿದ್ದು ಪೋರ್ಚುಗಲ್‌ನವರಿಗೆ ಗೊತ್ತಾಗುತ್ತದೆ, ಅವರು ಹೇಳಿದ್ದು ನಮಗೆ ಗೊತ್ತಾಗುವುದಿಲ್ಲ. ತೊಂದರೆ ಅದು.

ಇನ್ನು ಬ್ಯಾಚ್. ಶನಿವಾರ, ಭಾನುವಾರ ಆನ್‌ಲೈನ್, ಮೂರು ತಿಂಗಳು, ಹನ್ನೊಂದು ಜನ. ಕಲಿಸಿದ್ದು ಪೋರ್ಚುಗಲ್‌ನ ಭಾಷೆಯನ್ನೇ, ಆ ಮಟ್ಟಿಗೆ ಮೋಸ ಇಲ್ಲ. ನಾಲ್ವರು ಗೋವಾ ಮೂಲದವರು. 1961ಕ್ಕೆ ಮೊದಲು ಅಲ್ಲಿ ಹುಟ್ಟಿದ ಅಜ್ಜ-ಅಜ್ಜಿಯ ಕಾಗದ ಹಿಡಿದು ಪೋರ್ಚುಗೀಸ್ ಪೌರತ್ವಕ್ಕೆ ಓಡಾಡುತ್ತಿದ್ದರು. ಅವರಿಗೆ ಅರ್ಜಿ ಓದಲು ಬಂದರೆ ಸಾಕಿತ್ತು, ನನಗೆ ಅಂಗಡಿಯಲ್ಲಿ ಮಾತಾಡಬೇಕಿತ್ತು. ಕ್ಲಾಸ್ ತುಂಬ ಕ್ರಿಯಾಪದದ ಕೋಷ್ಟಕ. 'ಸೇರ್' ಒಂದು, 'ಶ್ತಾರ್' ಒಂದು, 'ಇರು' ಅನ್ನುವುದಕ್ಕೆ ಎರಡೆರಡು. 'ಇದು ಮೇಜು' ಅಂತ ಕ್ರಿಯಾಪದವೇ ಇಲ್ಲದೆ ಮುಗಿಸುವವರು ನಾವು! ಎರಡು ಗಂಟೆಯಲ್ಲಿ ನನ್ನ ಬಾಯಿಗೆ ಸಿಗುತ್ತಿದ್ದುದು ನಾಲ್ಕೇ ನಿಮಿಷ. ನೋಟ್ಸ್ ಮಾತ್ರ ಚೆನ್ನಾಗಿದ್ದವು, ಈಗಲೂ ಇಟ್ಟುಕೊಂಡಿದ್ದೇನೆ. ಮುಂದೆ ಎ2 ಮಟ್ಟದ (ಭಾಷೆಯ ಎರಡನೇ ಮೆಟ್ಟಿಲು) ಪರೀಕ್ಷೆ ಬರೆಯುವವರಿಗೆ ಬ್ಯಾಚ್ ಒಳ್ಳೆಯದೇ.

ಟೀಚರ್ ಜೊತೆ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಅರ್ಧ ಗಂಟೆಗೆ 8 ಯೂರೋ, ತಿಂಗಳಿಗೆ ಸುಮಾರು 6,500 ರೂಪಾಯಿ. ಕಡಿಮೆಯೇನಲ್ಲ. ಆದರೆ ನನ್ನ ಗುಣ ನನಗೆ ಗೊತ್ತು. ಆಚೆ ಕಡೆ ಒಬ್ಬರು ಕಾಯುತ್ತಿದ್ದಾರೆ ಅಂದರೆ ಮಾತ್ರ ನಾನು ಪುಸ್ತಕ ತೆರೆಯುವುದು.

ಎರಡನೇ ಕ್ಲಾಸಿನಲ್ಲಿ ಅವರು ಕ್ಯಾಮೆರಾವನ್ನು ತಮ್ಮ ಅಡುಗೆಮನೆಗೆ ತಿರುಗಿಸಿ ಒಂದೊಂದೇ ವಸ್ತು ತೋರಿಸಿದರು. ಕಿಟಕಿ ತೋರಿಸಿದಾಗ ಬಾಯಿಗೆ ಬಂದಿದ್ದು 'ಜನೆಲ್'. ಅವರು 'ಜನೆಲಾ!' ಅಂದರು. ಬಕೆಟ್ ತೋರಿಸಿದರು, 'ಬಾಲ್ದಿ' ಅಂದೆ. ಅವರದು 'ಬಾಲ್ದ್'. ಆಲೂಗಡ್ಡೆಗೆ ಬಟಾಟೆ, ಮೇಜಿಗೆ ಮೇಝ. ಎಲ್ಲಿ ಕಲಿತೆ ಅಂತ ಕೇಳಿದರು. ಪುತ್ತೂರಿನಲ್ಲಿ, ನಮ್ಮಜ್ಜಿ ಹತ್ತಿರ ಅಂದೆ. ಅಜ್ಜಿಗೆ ಪೋರ್ಚುಗೀಸ್ ಬರುತ್ತಿತ್ತಾ ಅಂದರು. ಇಲ್ಲ, ತುಳು ಅಂದೆ. ಇಂಥ ಪದಗಳು ಪೋರ್ಚುಗೀಸರಿಂದಲೇ ನಮ್ಮ ಕರಾವಳಿಗೆ ಬಂದವು ಅಂತ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಮುಗಿಯಿತು. ಪೋರ್ಚುಗೀಸಿನಲ್ಲಿ ನಾನು ಹೇಳಿದ ಮೊದಲ ಕಥೆ ಅದು.

ಇಲ್ಲೂ ಎಡವಟ್ಟು ಆಗಿದೆ. ಮುಂದಿನ ಕ್ಲಾಸು 'ಕ್ವಾರ್ತ' ಅಂದರು, ಅಂದರೆ ನಾಲ್ಕನೆಯದು. ಸೋಮವಾರದಿಂದ ಎಣಿಸಿ ಗುರುವಾರ ಕಾದು ಕೂತೆ. ಅವರ ಲೆಕ್ಕ ಭಾನುವಾರದಿಂದ ಶುರು, ಕ್ವಾರ್ತ ಅಂದರೆ ಬುಧವಾರ. 8 ಯೂರೋ ಗೋವಿಂದ. ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ನಮ್ಮದು ಹೋಗುವುದಿಲ್ಲ. ರಾತ್ರಿ ಒಂಬತ್ತರ ಕ್ಲಾಸು ಹತ್ತಕ್ಕೆ ಬಂತು, ಆಕಳಿಸುತ್ತಾ ಕಲಿತೆ.

ಬಜೆಟ್ ಬಿಗಿಯಿದ್ದರೆ ವಾರಕ್ಕೆ ಒಂದೇ ಕ್ಲಾಸ್ ಇಟ್ಟುಕೊಂಡು, ಉಳಿದ ದಿನ ಪೋರ್ಚುಗಲ್‌ನ ರೇಡಿಯೋ ಹಾಕಿ ಪಾತ್ರೆ ತೊಳೆಯಿರಿ. ಬಂದ ಮೇಲೆ ಹೊರದೇಶದವರಿಗೆ ಸರ್ಕಾರದ ಉಚಿತ ಕೋರ್ಸ್ ಇದೆ, ವ್ಯಾಕರಣ ಅಲ್ಲಿ ಆದೀತು. ಹೊರಡುವ ಮೊದಲು ಬೇಕಾಗಿರುವುದು ಕಿವಿ.

ಬ್ರಾಗಾದಲ್ಲಿ ಮೊದಲ ಬೆಳಗ್ಗೆ ಬೇಕರಿಗೆ ಹೋದೆ. ಕೌಂಟರಿನವರು ತಲೆಯೆತ್ತಿ 'ದೀಗ' ಅಂದರು. ನಮ್ಮ ಕಿರಾಣಿ ಅಂಗಡಿಯವರು 'ಹೇಳಿ' ಅನ್ನುತ್ತಾರಲ್ಲ, ಅದೇ. ಟೀಚರ್ ಹೇಳಿಕೊಟ್ಟಿದ್ದರು. ಒಂದು 'ಗಲಾಂವ್' ಕೇಳಿದೆ, ಉದ್ದ ಗ್ಲಾಸಿನಲ್ಲಿ ಹಾಲು ಜಾಸ್ತಿ ಹಾಕಿದ ಕಾಫಿ, ನಮ್ಮ ನಾಲಿಗೆಗೆ ಹತ್ತಿರದ್ದು. ಇನ್ನೇನಾದರೂ ಬೇಕಾ ಅಂತ ಕೇಳಿದ್ದೂ ಅರ್ಥವಾಯಿತು.

ನಮ್ಮವರು ಆ್ಯಪ್ ಬಿಟ್ಟಿಲ್ಲ. ಒಂದು ದಿನವೂ ತಪ್ಪಿಸದೆ 240 ದಿನ ಆಯಿತಂತೆ. ಅದೇ ಬೇಕರಿಗೆ ಹೋಗಿ 'ಬೋಂ ಜಿಯಾ' ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ ಎಷ್ಟು ವರ್ಷ ಇದ್ರಿ ಅಂತ ಕೌಂಟರಿನವರು ಕೇಳುತ್ತಾರೆ. ಇವರಿಗೆ ಪ್ರಶ್ನೆ ಅರ್ಥವಾಗದೆ ತಿರುಗಿ ನನ್ನ ಮುಖ ನೋಡುತ್ತಾರೆ.