ಉಡುಪಿಯ ಸೆಕೆಯಲ್ಲಿ ಮೂರು ವರ್ಷ: ನನ್ನ ಮೊದಲ ವಾಟರ್ ಕೂಲಿಂಗ್ ಕಂಪ್ಯೂಟರ್

ನಮ್ಮ ಮನೆ ಮಲ್ಪೆಯ ಹತ್ತಿರ. ಕೆಲಸದ ಕೋಣೆ ಮಹಡಿಯಲ್ಲಿ, ಮೇಲೆ ಹಂಚಿನ ಮಾಡು. ಏಪ್ರಿಲ್ ಮಧ್ಯಾಹ್ನ ಕೋಣೆಯೊಳಗೆ 33-34 ಡಿಗ್ರಿ, ಸೆಕೆ ಬೇರೆ. ನಾನು ಯಕ್ಷಗಾನ ಮತ್ತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವನು. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ನನಗೆ ಜಾಸ್ತಿ ಕೆಲಸ ಬೀಳುವುದೂ ಊರಲ್ಲಿ ಸೆಕೆ ಏರುವುದೂ ಒಂದೇ ಹೊತ್ತಿಗೆ.

ಹಳೆಯ ಗಾಳಿ ಕೂಲರ್ ಇದ್ದಾಗ ರಾತ್ರಿಯಿಡೀ ಯಕ್ಷಗಾನದ ಆಟದ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಆಗಿ ತೆಗೆಯುವ ಕೆಲಸ) ಹಾಕಿದರೆ ಪ್ರೊಸೆಸರ್ 88-90 ಡಿಗ್ರಿ ಮುಟ್ಟುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಫ್ಯಾನ್‌ಗಳ ಸದ್ದು. ಪದ್ಯದ ಕೊನೆಯಲ್ಲಿ ಭಾಗವತರ ಸ್ವರ ಸಣ್ಣಗಾಗುತ್ತಾ ಹೋಗುವ ಜಾಗ ಇರುತ್ತದೆ, ಮದ್ದಳೆಯ ಮೇಲೆ ಬೆರಳು ಮೆಲ್ಲಗೆ ಆಡುವ ಜಾಗ ಇರುತ್ತದೆ. ಅಲ್ಲಿ ಏನಾಗುತ್ತಿದೆ ಎಂದು ನನಗೆ ಸ್ಪೀಕರ್‌ನಲ್ಲೇ ಕೇಳಬೇಕು. ಪಕ್ಕದಲ್ಲಿ ಕಂಪ್ಯೂಟರಿನ ಡಬ್ಬಿ ಬೊಬ್ಬೆ ಹೊಡೆಯುತ್ತಿದ್ದರೆ ಆ ಕೆಲಸ ಆಗುವುದಿಲ್ಲ. ವಾಟರ್ ಕೂಲಿಂಗ್ ಕಡೆ ತಿರುಗಿದ್ದಕ್ಕೆ ಕಾರಣ ಇಷ್ಟೇ. ಒಳಗಿನ ಬಣ್ಣದ ದೀಪಗಳ ಮೇಲೆ ಆಸೆ ಇರಲಿಲ್ಲ.

2021ರ ಮಳೆಗಾಲದಲ್ಲಿ ಬಿಡಿಭಾಗ ಒಟ್ಟು ಮಾಡಲು ಶುರು ಮಾಡಿದೆ. ಪ್ರೊಸೆಸರ್ ರೈಜನ್ 9 5900ಎಕ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3070. ಪ್ರೊಸೆಸರ್ ಪೂರ್ತಿ ದುಡಿದರೆ 142 ವಾಟ್‌ವರೆಗೆ ಎಳೆಯುತ್ತದೆ, ಕಾರ್ಡ್ 220. ಎರಡೂ ಸೇರಿ 360 ವಾಟ್ ಚಿಲ್ಲರೆ ಬಿಸಿಯನ್ನು ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಬಿಡಬೇಕು. ಪ್ರೊಸೆಸರ್ ಮತ್ತು ಕಾರ್ಡಿನ ಮೇಲೆ ಕೂರಿಸುವ ಲೋಹದ ಬ್ಲಾಕ್‌ಗಳೊಳಗೆ ಪಂಪ್ ನೀರು ಹರಿಸುತ್ತದೆ, ಅಲ್ಲಿ ಬಿಸಿಯಾದ ನೀರು ಫ್ಯಾನ್ ಇರುವ ರೇಡಿಯೇಟರಿನಲ್ಲಿ ತಣಿದು ವಾಪಸ್ ಬರುತ್ತದೆ. ಈ ಸುತ್ತಿಗೇ ಲೂಪ್ ಎನ್ನುವುದು. ಎಷ್ಟು ರೇಡಿಯೇಟರ್ ಬೇಕು ಎಂದು ಲೆಕ್ಕ ಹಾಕುವುದು ಇಲ್ಲಿಂದ. ತಂಪಾಗಬೇಕಾದ ಒಂದೊಂದು ಭಾಗಕ್ಕೆ ಒಂದು 120 ಮಿ.ಮೀ. ಫ್ಯಾನಿನಷ್ಟು ಜಾಗ, ಅದರ ಮೇಲೆ ಇನ್ನೊಂದು ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಆ ಪ್ರಕಾರ ನನಗೆ ಒಂದು 360, ಅಂದರೆ ಮೂರು ಫ್ಯಾನ್ ಕೂರುವ ರೇಡಿಯೇಟರ್, ಸಾಕಿತ್ತು. ನಮ್ಮ ಸೆಕೆಗೆ ಅದು ಸಾಲುವುದಿಲ್ಲ. ಹಾಗೂ ಹೀಗೂ ತಂಪಾದೀತು, ಆದರೆ ಫ್ಯಾನ್ ಮತ್ತೆ ಜೋರಾಗಿ ತಿರುಗಬೇಕಾಗುತ್ತದೆ. ಆಮೇಲೆ ಇಷ್ಟೆಲ್ಲ ಮಾಡಿದ್ದು ಯಾಕೆ, ಅಲ್ವಾ? ನಾನು ಮೇಲೆ ಒಂದು 360, ಬದಿಯಲ್ಲಿ ಒಂದು 240 ಹಾಕಿದೆ. ಐದು ಫ್ಯಾನ್‌ಗಳೂ ಆರ್ಕ್ಟಿಕ್ ಪಿ12. ನಿಮಿಷಕ್ಕೆ ಸುಮಾರು 1000 ಸುತ್ತಿನಲ್ಲೇ ಕೆಲಸ ಮುಗಿಯುತ್ತದೆ.

ರೇಡಿಯೇಟರ್ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಭಾವ. ಅಕ್ಕನ ಗಂಡ. ಬೋಟ್ ಎಂಜಿನ್ ಕೆಲಸ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುತ್ತವೆ, ರಿಪೇರಿ ಕೆಲಸ ಎಲ್ಲ ಆಗಲೇ. ಒಂದು ಭಾನುವಾರ ಮನೆಗೆ ಬಂದಾಗ ಹೊಸದಾಗಿ ಬಂದಿದ್ದ 240 ರೇಡಿಯೇಟರ್ ತೋರಿಸಿದೆ. ತಾಮ್ರದ್ದು ಎಂದು ಹೇಳಿ ಮಾರಿದ್ದರು. ಭಾವ ಕೈಯಲ್ಲಿ ತೂಗಿ ನೋಡಿದರು. ಏನೂ ಹೇಳಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಮೂಲೆಯಲ್ಲಿ ಕಪ್ಪು ಬಣ್ಣವನ್ನು ಒಂದು ಸಲ ಗೀರಿದರು. ಒಳಗಿನಿಂದ ಬೆಳ್ಳಗೆ ಮಿಂಚಿತು.

"ಇದು ಅಲ್ಯುಮಿನಿಯಂ ಮಾರಾಯ. ನಿನ್ನ ಬ್ಲಾಕ್ ಯಾವುದರದ್ದು?"

"ತಾಮ್ರ ಭಾವ. ಮೇಲೆ ನಿಕಲ್ ಲೇಪ."

"ಹಾಗಾದರೆ ಇದನ್ನು ಹಾಕಬೇಡ. ಬೋಟಿಗೆ ನಾವು ಜಿಂಕ್ ಯಾಕೆ ಕಟ್ಟುವುದು ಅಂತ ಗೊತ್ತುಂಟಲ್ಲ?"

ಗೊತ್ತಿತ್ತು, ಆದರೆ ಕಂಪ್ಯೂಟರಿಗೆ ಅದನ್ನು ಜೋಡಿಸಿ ಯೋಚಿಸಿರಲಿಲ್ಲ. ಎರಡು ಬೇರೆ ಬೇರೆ ಲೋಹ ಒಂದೇ ನೀರಿನಲ್ಲಿ ಒಂದಕ್ಕೊಂದು ಸಂಪರ್ಕದಲ್ಲಿದ್ದರೆ ಅದೊಂದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಎರಡರಲ್ಲಿ ರಾಸಾಯನಿಕವಾಗಿ ಬೇಗ ಪ್ರತಿಕ್ರಿಯಿಸುವ ಲೋಹ ಕರಗುತ್ತಾ ಹೋಗುತ್ತದೆ. ಬೋಟಿನ ಪ್ರೊಪೆಲ್ಲರ್ ಉಳಿಯಲಿ ಎಂದು ಜಿಂಕ್ ಗಟ್ಟಿ ಕಟ್ಟುತ್ತಾರೆ, ಕರಗುವುದು ಅದು. ನನ್ನ ಲೂಪ್‌ನಲ್ಲಾದರೆ ರೇಡಿಯೇಟರೇ ಕರಗಿ, ಅದರ ಬಿಳಿ ಪುಡಿ ಬ್ಲಾಕ್‌ಗಳೊಳಗೆ ಸೇರುತ್ತಿತ್ತು. ಗೀರು ಬಿದ್ದ ಮಾಲನ್ನು ವಾಪಸ್ ತೆಗೆದುಕೊಳ್ಳಲು ಮಾರಿದವರು ಒಪ್ಪಲಿಲ್ಲ. ಆ ಹಣ ಹೋಯಿತು. ಆಮೇಲೆ ತಾಮ್ರದ ಫಿನ್, ಹಿತ್ತಾಳೆಯ ತುದಿ ಇರುವ 30 ಮಿ.ಮೀ. ದಪ್ಪದ ರೇಡಿಯೇಟರ್‌ಗಳನ್ನೇ ತರಿಸಿದೆ. ನೀವು ಕೊಳ್ಳುವಾಗ ತೂಕ ಕೇಳಿ. ಎರಡು ಲೋಹಗಳ ತೂಕದಲ್ಲಿ ಇರುವ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಪಂಪ್ ಡಿ5. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ಯಾಂಕ್ ಜೊತೆಗೇ ಬರುವ ಮಾದರಿ, ಕೆಳಗೆ ಸ್ಪಂಜಿನ ತುಂಡು ಇಟ್ಟು ಕೂರಿಸಿದ್ದೇನೆ. ಅರ್ಧಕ್ಕಿಂತ ಸ್ವಲ್ಪ ಮೇಲಿನ ವೇಗದಲ್ಲಿ ಮೂರು ವರ್ಷದಿಂದ ಓಡುತ್ತಿದೆ, ಸದ್ದಿಲ್ಲ. ಪಂಪ್‌ನಲ್ಲಿ ಹಣ ಉಳಿಸಲು ಹೋಗಬೇಡಿ. ನೀರಿಲ್ಲದೆ ಅದನ್ನು ಒಂದು ನಿಮಿಷವೂ ಓಡಿಸಬೇಡಿ.

ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪ್ರೊಸೆಸರ್ ಬ್ಲಾಕ್ ಆದರೆ ಪ್ರೊಸೆಸರ್ ಕೂರುವ ಸಾಕೆಟ್‌ಗೆ ಹೊಂದಿದರೆ ಆಯಿತು. ಕಾರ್ಡಿನದು ಹಾಗಲ್ಲ. 3070 ಎಂದು ಹೆಸರಿದ್ದರೂ ಒಬ್ಬೊಬ್ಬ ತಯಾರಕರ ಬೋರ್ಡ್ ಒಂದೊಂದು ಥರ. ಬ್ಲಾಕ್ ಕೂರಬೇಕಾದರೆ ಅದೇ ಬೋರ್ಡಿಗೆ ಮಾಡಿದ್ದೇ ಬೇಕು. ನಾನು ಮೊದಲು ಬ್ಲಾಕ್ ಸಿಗುತ್ತದೆಯೇ ಎಂದು ನೋಡಿ, ಅದಕ್ಕೆ ಹೊಂದುವ ಕಾರ್ಡ್ ಹುಡುಕಿದೆ. ಆ ವರ್ಷ ಕಾರ್ಡ್ ಸಿಗುವುದೇ ಕಷ್ಟ ಇತ್ತು, ಆದ್ದರಿಂದ ಎರಡು ತಿಂಗಳು ಕಾದೆ. ಕಾದದ್ದು ಒಳ್ಳೆಯದೇ ಆಯಿತು.

ಪೈಪ್ ವಿಷಯಕ್ಕೆ ಬರೋಣ. ಗಾಜಿನ ಹಾಗೆ ಹೊಳೆಯುವ ಗಟ್ಟಿ ಪಿಇಟಿಜಿ ಪ್ಲಾಸ್ಟಿಕ್ ಪೈಪ್ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ಬಿಸಿ ಮಾಡಿ ಬಗ್ಗಿಸುವ ಕೈ ಪಳಗಿರಬೇಕು, ಒಂದು ಭಾಗ ಬದಲಾಯಿಸಿದರೂ ಹೊಸ ಪೈಪ್ ಬಗ್ಗಿಸಬೇಕು. ನಾನು ಕಪ್ಪು ಇಪಿಡಿಎಂ ರಬ್ಬರ್ ಪೈಪ್ ಹಾಕಿದೆ. ಕಾರಿನ ರೇಡಿಯೇಟರ್ ಹೋಸ್‌ಗಳಲ್ಲಿ ಬಳಸುವುದೂ ಈ ಬಗೆಯ ರಬ್ಬರೇ. ಬೆಳಕು ಒಳಗೆ ಹೋಗುವುದಿಲ್ಲ, ಹಾಗಾಗಿ ಪಾಚಿ ಬೆಳೆಯುವ ಭಯವೂ ಕಡಿಮೆ. ಮೂರು ವರ್ಷ ಕಳೆದರೂ ಹಾಕಿದ ದಿನ ಇದ್ದ ಹಾಗೇ ಇದೆ.

ಪೈಪನ್ನು ಭಾಗಗಳಿಗೆ ಜೋಡಿಸುವ ಫಿಟ್ಟಿಂಗ್‌ಗಳ ಲೆಕ್ಕ ಹಾಕದೆ ಯಾರೂ ಬಜೆಟ್ ಬರೆಯಬಾರದು. ನನ್ನ ಲೂಪ್‌ನಲ್ಲಿ ಐದು ಭಾಗ, ಒಂದೊಂದಕ್ಕೆ ಎರಡು ಬಾಯಿ. ಅಲ್ಲಿಗೆ 10 ಆಯಿತು. ತಿರುವುಗಳಿಗೆ ಮೊಣಕೈ ಆಕಾರದ ಫಿಟ್ಟಿಂಗ್ ಬೇರೆ. ಬರೀ ಇದಕ್ಕೇ 8,000 ರೂಪಾಯಿ ಹೋಯಿತು. ತಿರುಪು ಎಲ್ಲದರದ್ದೂ ಜಿ 1/4 ಎಂಬ ಒಂದೇ ಅಳತೆ, ಅದರಲ್ಲಿ ಗೊಂದಲವಿಲ್ಲ. ಪೈಪ್ ಹಿಡಿಯುವ ತುದಿಯ ಅಳತೆಯಲ್ಲಿ ನಾನು ತಪ್ಪಿದೆ. ಪೈಪ್ 10/16, ಅಂದರೆ ಒಳಗೆ 10, ಹೊರಗೆ 16 ಮಿ.ಮೀ. ತರಿಸಿದ ಫಿಟ್ಟಿಂಗ್ 10/13. ಪೈಪ್ ಏರುತ್ತದೆ, ಮೇಲಿನಿಂದ ಬಿಗಿಯುವ ಬಳೆ ಕೂರುವುದಿಲ್ಲ. ಇಂಥ ಮಾಲು ನನಗೆ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಸಿಗಲಿಲ್ಲ, ಬೆಂಗಳೂರಿನಿಂದ ಕೊರಿಯರ್ ಬರಬೇಕು. ಒಂದು ಅಂಕಿ ತಪ್ಪಿದರೆ ಒಂದು ವಾರ ಹೋಯಿತು ಎಂದೇ ಲೆಕ್ಕ.

ಜೋಡಿಸುವ ದಿನ ಭಾವನೂ ಬಂದಿದ್ದರು. ಅವರ ಕೈಗೆ ಸ್ಪ್ಯಾನರ್ ಇಲ್ಲದೆ ಸಮಾಧಾನ ಇಲ್ಲ. ಬೇಡ ಎಂದು ಹೇಳಬೇಕಾಯಿತು. ಇಲ್ಲಿ ನೀರು ತಡೆಯುವುದು ಒಂದು ಸಣ್ಣ ರಬ್ಬರ್ ರಿಂಗ್, ಕೈಯಲ್ಲಿ ಬಿಗಿದರೆ ಸಾಕು. ಇನ್ನೊಂದು ಮಾತು, ರೇಡಿಯೇಟರಿಗೆ ಫ್ಯಾನ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿ. ಉದ್ದ ಜಾಸ್ತಿಯಾದರೆ ಒಳಗಿನ ನೀರಿನ ನಾಳಕ್ಕೇ ಚುಚ್ಚುತ್ತದೆ.

ರೇಡಿಯೇಟರ್‌ಗಳನ್ನು ಮೊದಲೇ ಬಿಸಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕುಲುಕಿ ತೊಳೆದಿದ್ದೆ. ಬೆಸುಗೆಯ ಕಸ ಕಪ್ಪು ಚುಕ್ಕಿಯಾಗಿ ಹೊರಬರುತ್ತದೆ, ನೀರು ತಿಳಿಯಾಗುವವರೆಗೂ ತೊಳೆಯಬೇಕು. ಆಮೇಲೆ ಲೂಪ್ ತುಂಬಿಸಿ, ಪ್ರೊಸೆಸರಿಗೂ ಕಾರ್ಡಿಗೂ ಕರೆಂಟ್ ಕೊಡದೆ, ಪಂಪ್ ಒಂದನ್ನೇ 24 ಗಂಟೆ ಓಡಿಸಿದೆ. ಒಂದೊಂದು ಜೋಡಣೆಯ ಕೆಳಗೂ ಮಡಚಿದ ಟಿಶ್ಯೂ. ರಾತ್ರಿ 11ಕ್ಕೆ ಟಾರ್ಚ್ ಹಿಡಿದು ನೋಡಿದರೆ 240ರ ಮೊಣಕೈ ಕೆಳಗಿನ ಟಿಶ್ಯೂ ಮೇಲೆ ಕಡಲೆ ಗಾತ್ರದ ಒದ್ದೆ ಗುರುತು. ಬಿಚ್ಚಿದಾಗ ರಬ್ಬರ್ ರಿಂಗ್ ಒಂದು ಕಡೆ ತಿರುಚಿ ಸಿಕ್ಕಿಕೊಂಡಿತ್ತು. ಸರಿ ಮಾಡಿ ಮತ್ತೆ 24 ಗಂಟೆ ಓಡಿಸಿದೆ. ಆಮೇಲೆ ಇವತ್ತಿನವರೆಗೆ ಒಂದು ಹನಿ ಸೋರಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಕೂಲಂಟ್‌ನಲ್ಲಿ, ಅಂದರೆ ಲೂಪಿಗೆ ತುಂಬುವ ದ್ರವದಲ್ಲಿ. ಹಾಲಿನಂತೆ ಬೆಳ್ಳಗಿರುವ ಒಂದು ಬಣ್ಣದ ಕೂಲಂಟ್ ಹಾಕಿದ್ದೆ. ಪೈಪ್ ಕಪ್ಪು, ಕಾಣುವುದು ಟ್ಯಾಂಕ್ ಮಾತ್ರ, ಆದರೂ ಹಾಕಿದೆ. ಮೊದಲ ತಿಂಗಳು ಪ್ರೊಸೆಸರ್ 70ರ ಆಸುಪಾಸು ಇತ್ತು. 2022ರ ಏಪ್ರಿಲ್ ಹೊತ್ತಿಗೆ 82. ಸೆಕೆ ಎಂದುಕೊಂಡೆ. ಕಾರ್ಡ್ ಅಷ್ಟೇನೂ ಏರಿರಲಿಲ್ಲ, ಅಲ್ಲೇ ಅನುಮಾನ ಪಡಬೇಕಿತ್ತು. ಪತ್ತನಾಜೆ ಕಳೆದ ಮೇಲೆ ಬ್ಲಾಕ್ ಬಿಚ್ಚಿದೆ. ಒಳಗೆ ತಾಮ್ರದ ಸೀಳುಗಳು ಇರುತ್ತವೆ, ಒಂದಕ್ಕೊಂದು ಅರ್ಧ ಮಿಲಿಮೀಟರಿಗಿಂತಲೂ ಹತ್ತಿರ. ಅವುಗಳ ನಡುವೆ ಬಿಳಿ ಅಂಟು, ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಅಕ್ಕಿ ಹಿಟ್ಟಿನ ಹಾಗೆ. ಬಣ್ಣಕ್ಕೆ ಸೇರಿಸಿದ್ದ ಸಣ್ಣ ಕಣಗಳೇ ಬಂದು ಅಲ್ಲಿ ಕೂತಿದ್ದವು. ಮೆತ್ತಗಿನ ಹಲ್ಲುಜ್ಜುವ ಬ್ರಶ್ಶಿನಲ್ಲಿ ಒಂದು ಗಂಟೆ ತಿಕ್ಕಿದೆ. ಆವತ್ತಿನಿಂದ ಬಣ್ಣವಿಲ್ಲದ ಕೂಲಂಟ್ ಮಾತ್ರ, ತುಕ್ಕು ಮತ್ತು ಪಾಚಿ ತಡೆಯುವ ಔಷಧಿ ಅದರಲ್ಲೇ ಇರುತ್ತದೆ. ಬಾವಿ ನೀರು, ನಲ್ಲಿ ನೀರು, ಫಿಲ್ಟರ್ ನೀರು ಯಾವುದೂ ಬೇಡ.

ಆವತ್ತು ನೀರು ಖಾಲಿ ಮಾಡಲು ಒಂದು ಪೈಪ್ ಎಳೆದು, ಕೆಳಗೆ ಬೋಗುಣಿ ಹಿಡಿದು, ಅರ್ಧ ದಿನ ಒದ್ದಾಡಿದೆ. ಕೂಡಲೇ ಲೂಪಿನ ಅತಿ ಕೆಳಗಿನ ಜಾಗದಲ್ಲಿ ಒಂದು ಬಾಲ್ ವಾಲ್ವ್ ಹಾಕಿಸಿಕೊಂಡೆ. ಈಗ ಹತ್ತು ನಿಮಿಷದ ಕೆಲಸ. ಇಡೀ ಕಂಪ್ಯೂಟರಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಭಾಗ ಯಾವುದು ಎಂದು ಕೇಳಿದರೆ ನಾನು ಆ ವಾಲ್ವ್ ತೋರಿಸುತ್ತೇನೆ.

ಮಳೆಗಾಲದ ತೇವಕ್ಕೆ ಪೈಪ್ ಬೆವರುವುದಿಲ್ಲವೇ ಎಂದು ತುಂಬಾ ಜನ ಕೇಳಿದ್ದಾರೆ. ಫ್ರಿಜ್ಜಿನ ಬಾಟಲಿ ಬೆವರುವುದು ಅದು ಕೋಣೆಗಿಂತ ತಣ್ಣಗಿರುವುದರಿಂದ. ಫ್ಯಾನ್ ಗಾಳಿಯಿಂದ ತಂಪಾಗುವ ನೀರು ಓಡುತ್ತಿರುವಾಗ ಕೋಣೆಗಿಂತ ಬೆಚ್ಚಗೇ ಇರುತ್ತದೆ. ನಮ್ಮಲ್ಲಿ ನಿಜವಾದ ಶತ್ರು ಉಪ್ಪುಗಾಳಿ. ನಾನು ಬೇರೆಯಾಗಿ ಕೊಂಡು ಹಾಕಿದ ಸ್ಟೀಲ್ ಗ್ರಿಲ್ ಎರಡನೇ ಮಳೆಗಾಲಕ್ಕೇ ತುಕ್ಕು ಹಿಡಿಯಿತು. ಹಿತ್ತಾಳೆಗೆ ನಿಕಲ್ ಲೇಪಿಸಿದ ಫಿಟ್ಟಿಂಗ್‌ಗಳಿಗೆ ಏನೂ ಆಗಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಯಂತ್ರ ಆನ್ ಮಾಡಿ ಇಡುತ್ತೇನೆ, ಒಳಗೆ ಬೆಚ್ಚಗಿರಲಿ ಎಂದು.

ಕಳೆದ ಬೇಸಿಗೆಯ ಲೆಕ್ಕ ಹೀಗಿದೆ. ಕೋಣೆ 33, ನೀರು 43, ರಾತ್ರಿಯಿಡೀ ರೆಂಡರ್ ಆದ ಮೇಲೆ ಪ್ರೊಸೆಸರ್ 74, ಕಾರ್ಡ್ 56. ಫ್ಯಾನ್ ಸದ್ದು ಕೇಳಬೇಕಾದರೆ ಡಬ್ಬಿಗೆ ಕಿವಿ ಕೊಡಬೇಕು. ಲೂಪಿಗೆ ಖರ್ಚಾದದ್ದು, ಫ್ಯಾನ್ ಸೇರಿ, ವಾಪಸ್ ಆಗದ ಆ ರೇಡಿಯೇಟರ್ ಬಿಟ್ಟು, 65,000 ರೂಪಾಯಿ ಹತ್ತಿರ. ಬರೀ ಕಂಪ್ಯೂಟರ್ ಗೇಮ್ ಆಡಲು, ಆಫೀಸ್ ಕೆಲಸಕ್ಕೆ ಇಷ್ಟು ಹಾಕಬೇಡಿ. ಒಳ್ಳೆಯ ಗಾಳಿ ಕೂಲರ್ ಅಥವಾ ಕಂಪನಿಯಲ್ಲೇ ನೀರು ತುಂಬಿ ಮುಚ್ಚಿ ಬರುವ ಕೂಲರ್ ಸಾಕು. ಗಂಟೆಗಟ್ಟಲೆ ರೆಂಡರ್, ಜೊತೆಗೆ ಧ್ವನಿಯ ಕೆಲಸ ಇರುವವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ಈ ಸಲವೂ ಪತ್ತನಾಜೆ ಕಳೆದ ವಾರದಲ್ಲೇ ಕೂಲಂಟ್ ಬದಲಾಯಿಸಬೇಕು. ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಮತ್ತು ಒಂದು ಡಜನ್ ರಬ್ಬರ್ ರಿಂಗ್ ಈಗಾಗಲೇ ಕಪಾಟಿನಲ್ಲಿವೆ.