ಟ್ರೌಟ್ ಪ್ಯಾಕ್: ಬೆಳ್ಳಗಿರುವುದು ದೂರಲ್ಲ, ದೂರು ಬೇರೆ ಇದೆ

ಈ ಫ್ರೋಜನ್ ಟ್ರೌಟ್ (ತಣ್ಣೀರಿನ ಒಂದು ಮೀನು) ಪ್ಯಾಕ್ ಕೊಂಡವರು ಜಾಸ್ತಿ ಬೈಯುವುದು ಬಣ್ಣದ ಬಗ್ಗೆ. ಕವರಿನ ಮೇಲೆ ಚೆಂದದ ಕಿತ್ತಳೆ ಗುಲಾಬಿ ತುಂಡುಗಳು, ಒಳಗೆ ನೋಡಿದರೆ ಕೆಲವು ಗುಲಾಬಿ, ಕೆಲವು ಹೆಚ್ಚುಕಡಿಮೆ ಬಿಳಿ. ಬೇರೆ ಯಾವುದೋ ಮೀನು ಸೇರಿಸಿದ್ದಾರೆ, ಹಳೇ ಮಾಲು, ಬಣ್ಣ ಹಚ್ಚಿದ್ದಾರೆ, ಹೀಗೆ ಒಬ್ಬೊಬ್ಬರದು ಒಂದೊಂದು ಅನುಮಾನ. ನನಗೆ ಬಂದ ಪ್ಯಾಕಿನಲ್ಲೂ ಹೀಗೇ ಇತ್ತು. ಆದರೆ ಬಣ್ಣಕ್ಕಾಗಿ ನಾನು ಒಂದು ಅಂಕವನ್ನೂ ಕಳೆಯುವುದಿಲ್ಲ.

ಯಾಕೆಂದರೆ ಆ ಗುಲಾಬಿ ಬಣ್ಣವನ್ನು ಟ್ರೌಟ್ ತಾನಾಗಿ ತಯಾರಿಸಿಕೊಳ್ಳುವುದಿಲ್ಲ. ಅದು ತಿಂದ ಆಹಾರದಿಂದ ಬರುತ್ತದೆ. ಅಸ್ಟಾಕ್ಸಾಂಥಿನ್ ಅಂತ ಒಂದು ವಸ್ತು, ಕ್ಯಾರೆಟ್‌ಗೆ ಬಣ್ಣ ಕೊಡುವ ಕೆರೋಟಿನ್ ಗುಂಪಿನದೇ. ನೀರಿನ ಪಾಚಿ ಅದನ್ನು ಮಾಡುತ್ತದೆ, ಪಾಚಿ ತಿಂದ ಪುಟ್ಟ ಸಿಗಡಿಯಂಥ ಜೀವಿಗಳ ಮೈಯಲ್ಲಿ ಅದು ಸೇರುತ್ತದೆ, ಅವುಗಳನ್ನು ತಿಂದ ಟ್ರೌಟ್‌ನ ಸ್ನಾಯುವಿನಲ್ಲಿ ಬಂದು ಕೂರುತ್ತದೆ. ಅಂಥ ಜೀವಿಗಳು ಹೇರಳವಾಗಿರುವ ನೀರಿನಲ್ಲಿ ಮೇಯ್ದ ಮೀನು ಕೆಂಪಗಾಗುತ್ತದೆ, ಹುಳುಹುಪ್ಪಟೆ ಮತ್ತು ಮರಿಮೀನು ತಿಂದು ಬೆಳೆದದ್ದು ಬೆಳ್ಳಗೇ ಉಳಿಯುತ್ತದೆ. ಒಂದೇ ಸರೋವರದಲ್ಲಿ, ಒಂದೇ ಜಾತಿಯಲ್ಲಿ ಎರಡೂ ಬಗೆ ಸಿಗಬಹುದು. ಹೊರಗಿನ ಚರ್ಮ ನೋಡಿ ಒಳಗಿನ ಬಣ್ಣ ಹೇಳುವುದೂ ಕಷ್ಟ.

ಇದು ಕಾಡು ಮೀನಿನ ಕಥೆ. ಪ್ಯಾಕಿನಲ್ಲಿ ಬರುವುದು ಸಾಮಾನ್ಯವಾಗಿ ಸಾಕಿದ ರೇನ್‌ಬೋ ಟ್ರೌಟ್, ಅಲ್ವಾ? ಅಲ್ಲಿ ಬಣ್ಣ ಎಷ್ಟಿರಬೇಕು ಅಂತ ತೀರ್ಮಾನಿಸುವುದು ಸಾಕುವವರು. ಫೀಡಿನಲ್ಲಿ ಅಸ್ಟಾಕ್ಸಾಂಥಿನ್ ಬೆರೆಸುತ್ತಾರೆ. ಬಹುಪಾಲು ಕಾರ್ಖಾನೆಯಲ್ಲಿ ತಯಾರಾದದ್ದು, ಕೆಲವು ಕಡೆ ಹೆಮಟೋಕಾಕಸ್ ಎಂಬ ಪಾಚಿ ಅಥವಾ ಫಾಫಿಯಾ ಎಂಬ ಯೀಸ್ಟ್‌ನಿಂದ ತೆಗೆದದ್ದು. ಎಷ್ಟು ಗುಲಾಬಿ ಬೇಕು ಅಂತ ಅಳೆಯಲು 20ರಿಂದ 34ರವರೆಗೆ ನಂಬರ್ ಹಾಕಿದ ಬೀಸಣಿಗೆಯಂಥ ಬಣ್ಣದ ಪಟ್ಟಿಯೇ ಇದೆ, ಗೋಡೆಗೆ ಪೇಂಟ್ ಆರಿಸುವಾಗ ಅಂಗಡಿಯವರು ಬಿಚ್ಚಿ ತೋರಿಸುತ್ತಾರಲ್ಲ, ಥೇಟ್ ಹಾಗೆಯೇ. ಈ ವಸ್ತು ದುಬಾರಿ. ತಿನ್ನಿಸಿದ್ದರಲ್ಲಿ ಸ್ವಲ್ಪ ಭಾಗ ಮಾತ್ರ ಮಾಂಸಕ್ಕೆ ಸೇರುತ್ತದೆ, ಅದಕ್ಕೂ ತಿಂಗಳುಗಟ್ಟಲೆ ಬೇಕು. ಹಾಗಾಗಿ ತಟ್ಟೆಯಲ್ಲಿ ಇಡಿಯಾಗಿ ಹಿಡಿಸುವ ಚಿಕ್ಕ ಟ್ರೌಟ್ ಮಾರುವವರು ಎಷ್ಟೋ ಜನ ಅದರ ಗೋಜಿಗೇ ಹೋಗುವುದಿಲ್ಲ.

ಇನ್ನು ಒಂದೇ ತೊಟ್ಟಿಯಲ್ಲಿ, ಒಂದೇ ಫೀಡ್ ತಿಂದ ಮೀನುಗಳೂ ಒಂದೇ ಬಣ್ಣಕ್ಕೆ ಬರುವುದಿಲ್ಲ. ಹುಟ್ಟಿನಿಂದಲೇ ಕೆಲವಕ್ಕೆ ಬಣ್ಣ ಹಿಡಿಯುವ ಶಕ್ತಿ ಕಡಿಮೆ. ಮೊಟ್ಟೆ ಕಟ್ಟುವ ಕಾಲ ಬಂದಾಗಲಂತೂ ಮಾಂಸದಲ್ಲಿದ್ದ ಬಣ್ಣ ಚರ್ಮಕ್ಕೆ, ಮೊಟ್ಟೆಗೆ ಹೋಗಿಬಿಡುತ್ತದೆ, ಮಾಂಸ ಬಿಳಚಿಕೊಳ್ಳುತ್ತದೆ. ಅಂಥ ಮೀನೇನಾದರೂ ಪ್ಯಾಕಿಗೆ ಬಂದಿದ್ದರೆ ತುಂಡು ಮೆತ್ತಗೂ ಇರುತ್ತದೆ, ಆಗ ಬೈಯಿರಿ. ನನ್ನ ಬಿಳಿ ತುಂಡುಗಳು ಗಟ್ಟಿಯಾಗಿಯೇ ಇದ್ದವು.

ಬಣ್ಣ ಹಚ್ಚಿದ್ದಾರೆ ಅನ್ನುವವರಿಗೆ ಒಂದು ಮಾತು. ಹೊರಗಿನಿಂದ ಹಚ್ಚಿದ್ದಲ್ಲ, ತಿನ್ನಿಸಿದ್ದು. ಯುರೋಪಿಯನ್ ಒಕ್ಕೂಟದಲ್ಲಿ ಕೆಜಿ ಫೀಡಿಗೆ ಅಸ್ಟಾಕ್ಸಾಂಥಿನ್ 100 ಮಿಲಿಗ್ರಾಂ ದಾಟುವಂತಿಲ್ಲ. ಇದರ ಜತೆಗೆ ಬಳಸುವ ಕ್ಯಾಂಥಾಕ್ಸಾಂಥಿನ್ ಎಂಬ ಇನ್ನೊಂದು ಬಣ್ಣದ ವಸ್ತುವಿಗೆ ಮಿತಿ ಇನ್ನೂ ಬಿಗಿ. ಮೈ ಕಂದಾಗಲಿ ಅಂತ ಅದರ ಮಾತ್ರೆಯನ್ನು ವಿಪರೀತ ನುಂಗಿದವರ ಕಣ್ಣಿನ ರೆಟಿನಾದಲ್ಲಿ ಹರಳು ಕಟ್ಟಿದ್ದು ಗೊತ್ತಾದ ಮೇಲೆ, 2003ರಲ್ಲಿ ಆ ಮಿತಿಯನ್ನು 80ರಿಂದ 25 ಮಿಲಿಗ್ರಾಂಗೆ ಇಳಿಸಿದರು. ಅಮೆರಿಕದಲ್ಲಿ ಇಂಥ ಮೀನಿನ ಲೇಬಲ್ಲಿನಲ್ಲಿ ಬಣ್ಣ ಸೇರಿದೆ ಅಂತ ಹೇಳಲೇಬೇಕು. ಈ ಪ್ಯಾಕಿನ ಮೇಲೆ ಫೀಡಿನ ಬಗ್ಗೆ ಒಂದು ಅಕ್ಷರ ಇಲ್ಲ. ಕೇಳಿದರೆ ಕಸ್ಟಮರ್ ಕೇರ್‌ನಿಂದ ಬಂದ ಉತ್ತರ, 'ನೈಸರ್ಗಿಕ ವ್ಯತ್ಯಾಸ ಸರ್'. ಅರ್ಧ ನಿಜ ಅಷ್ಟೇ. ಕವರಿನ ಮೇಲೆ ಗುಲಾಬಿ ಫೋಟೋ ಹಾಕುವಾಗ ಈ ನೈಸರ್ಗಿಕ ವ್ಯತ್ಯಾಸ ಎಲ್ಲಿ ಹೋಗಿತ್ತೋ!

ರುಚಿ? ಎರಡೂ ಬಗೆಯ ತುಂಡುಗಳನ್ನು ಒಂದೇ ಬಾಣಲೆಯಲ್ಲಿ ಬರೀ ಉಪ್ಪು, ಎಣ್ಣೆ ಹಾಕಿ ಬೇಯಿಸಿದೆ. ಗುಲಾಬಿ ತುಂಡಿನ ಸುತ್ತ ಎಣ್ಣೆ ತುಸು ಕಿತ್ತಳೆಯಾಯಿತು. ಗಾಬರಿ ಬೇಡ, ಈ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು. ಬಿಳಿ ತುಂಡು ಬೆಂದ ಮೇಲೂ ಬಿಳಿಯೇ. ಸಿಗಡಿ ಬೇಯುವಾಗ ಕೆಂಪಾಗುತ್ತದಲ್ಲ, ಅಲ್ಲೂ ಇದೇ ವಸ್ತು, ಆದರೆ ಅಲ್ಲಿ ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟು ಬಣ್ಣ ಮರೆಸಿರುತ್ತದೆ, ಬಿಸಿ ತಾಗಿದಾಗ ಬಿಡುತ್ತದೆ. ಟ್ರೌಟ್‌ನಲ್ಲಿ ಆ ಆಟ ಇಲ್ಲ. ತಿನ್ನುವಾಗ ನನಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗಲಿಲ್ಲ. ಎರಡೂ ಮೃದು, ಎರಡರಲ್ಲೂ ಹದವಾದ ಕೊಬ್ಬು, ಮಣ್ಣಿನ ವಾಸನೆ ಇಲ್ಲವೇ ಇಲ್ಲ. ಸುಮ್ನೆ ಹೇಳುತ್ತಿಲ್ಲ, ಮೀನು ಚೆನ್ನಾಗಿದೆ.

ಬಣ್ಣದಲ್ಲಿ ನಿಜಕ್ಕೂ ನೋಡಬೇಕಾದದ್ದು ಅಂಚು. ತುಂಡಿನ ತುಂಬ ಒಂದೇ ಸಮ ಬಿಳಿ ಇದ್ದರೆ ತೊಂದರೆ ಇಲ್ಲ. ನಡುವೆ ಗುಲಾಬಿ ಇದ್ದು ಅಂಚು ಮಾತ್ರ ಹಳದಿಗೆ ತಿರುಗಿ ಒಣಗಿದ್ದರೆ ಫ್ರೀಜರಿನಲ್ಲಿ ಗಾಳಿ ತಾಗಿದೆ, ಕೊಬ್ಬು ಕೆಟ್ಟಿರುತ್ತದೆ. ನನಗೆ ಬಂದದ್ದರಲ್ಲಿ ಒಂದು ತುಂಡು ಹಾಗಿತ್ತು, ಕಮಟು ವಾಸನೆ ಇತ್ತು, ಎಸೆದೆ.

ಮುಳ್ಳಿಲ್ಲದ್ದು ಅಂತ ಬರೆದಿದ್ದಾರೆ, ನಡುಗೆರೆಯ ಸಣ್ಣ ಮುಳ್ಳುಗಳು ಹಾಗೇ ಇವೆ. ಮಕ್ಕಳಿಗೆ ಕೊಡುವ ಮುಂಚೆ ಬೆರಳಿನಲ್ಲಿ ಸವರಿ ನೋಡಿ. ಐದಕ್ಕೆ ಮೂರು ಕೊಡುತ್ತೇನೆ, ಒಂದು ಕಳೆದದ್ದು ಮುಳ್ಳಿಗೆ, ಇನ್ನೊಂದು ಆ ಲೇಬಲ್ಲಿಗೆ.